ಒಂದು ಬೀದಿ, ಒಂದು ರಿಜಿಸ್ಟರು: ಪ್ರಾಣಿಗಳ ಪರ ಕೆಲಸಕ್ಕಿಳಿಯುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ

ಹದಿನೈದು ಹದಿನಾರರ ಮಕ್ಕಳು ಪ್ರಾಣಿಗಳ ಪರ ಕೆಲಸಕ್ಕೆ ಇಳಿಯುವುದು ಬಹುತೇಕ ಒಂದು ನಾಯಿಮರಿಯ ದೆಸೆಯಿಂದ. ಟ್ಯೂಷನ್ ಮುಗಿಸಿ ಬರುವಾಗ ಚರಂಡಿ ಪಕ್ಕ ಮರಿ ಕುಂಯ್‌ಗುಟ್ಟುವುದು ಕೇಳುತ್ತದೆ. ಎತ್ತಿಕೊಂಡು ಮನೆಗೆ ತಂದು, ಬಟ್ಟಲಲ್ಲಿ ಹಸುವಿನ ಹಾಲಿಟ್ಟು, ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಾರೆ. ನಾಲ್ಕನೇ ದಿನಕ್ಕೆ ಮರಿಗೆ ವಾಂತಿ, ರಕ್ತಭೇದಿ. ಆರನೇ ದಿನಕ್ಕೆ ಮರಿ ಇಲ್ಲ. ಇಂಥ ಸಾವಿನ ನಂತರ ಕೆಲವರು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಇನ್ನು ಕೆಲವರು ಇನ್ನಷ್ಟು ಮರಿ ತರುತ್ತಾರೆ, ಅವೂ ಸಾಯುತ್ತವೆ. ಹಾಗಾಗಿ ಮರಿಯಿಂದಲೇ ಶುರುಮಾಡುತ್ತೇವೆ.

ಮರಿ ಒಂಟಿಯಾಗಿ ಕಂಡರೆ ಅದು ಅನಾಥ ಎಂದು ತಿಳಿಯಬೇಡಿ. ತಾಯಿ ಹೊಟ್ಟೆಪಾಡಿಗೆ ಹೋಗಿರುತ್ತದೆ, ಮನುಷ್ಯರು ಸುತ್ತ ನಿಂತಿದ್ದರೆ ಹತ್ತಿರ ಬರುವುದೂ ಇಲ್ಲ. ದೂರದಲ್ಲಿ ನಿಂತು ಎರಡು ಮೂರು ಗಂಟೆ ನೋಡಿ. ಮರಿ ದುಂಡಗಿದ್ದು, ಮೈ ಬೆಚ್ಚಗಿದ್ದು, ನಿದ್ದೆ ಮಾಡುತ್ತಿದ್ದರೆ ತಾಯಿ ಇದೆ ಎಂದೇ ಅರ್ಥ. ಮಳೆನೀರು ನುಗ್ಗುವ ಜಾಗವಾದರೆ ಅಲ್ಲೇ ಹತ್ತು ಅಡಿಯೊಳಗೆ ಎತ್ತರದ ಕಡೆ ಹಳೇ ರಟ್ಟಿನ ಪೆಟ್ಟಿಗೆ, ಗೋಣಿಚೀಲ ಇಟ್ಟುಕೊಡಿ. ತಾಯಿಗೆ ಒಂದು ಹೊತ್ತು ಊಟ ಹಾಕಿದರೆ ಮರಿಗಳಿಗೆ ಹಾಲು ತಾನಾಗಿ ಸಿಗುತ್ತದೆ. ನೀವು ಐದು ಮರಿಗೆ ಬಾಟಲಿ ಹಿಡಿಯುವುದಕ್ಕಿಂತ ಒಂದು ತಾಯಿಗೆ ಅನ್ನ ಹಾಕುವುದು ಸುಲಭ, ಮರಿ ಉಳಿಯುವ ಸಾಧ್ಯತೆಯೂ ಹೆಚ್ಚು.

ತಾಯಿ ನಿಜಕ್ಕೂ ಸತ್ತಿದೆ, ಮರಿಯ ಮೈ ತಣ್ಣಗಾಗಿದೆ ಅನ್ನಿ. ಆಗ ಮೊದಲು ಕೊಡಬೇಕಾದದ್ದು ಹಾಲಲ್ಲ, ಶಾಖ. ತಣ್ಣಗಾದ ಮರಿಗೆ ಜೀರ್ಣಶಕ್ತಿ ಇರುವುದಿಲ್ಲ. ಹೊಟ್ಟೆಗೆ ಹೋದ ಹಾಲು ಹಾಗೇ ಉಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮರಿಯ ಪಕ್ಕ ಇಡಿ. ಮೈ ಬೆಚ್ಚಗಾದ ಮೇಲಷ್ಟೇ ಆಹಾರ. ಹಸುವಿನ ಹಾಲಿನಲ್ಲಿ ನಾಯಿಯ ಹಾಲಿನಷ್ಟು ಕೊಬ್ಬು, ಪ್ರೋಟೀನು ಇಲ್ಲ, ಅದು ಕೆಲವು ಮರಿಗಳಿಗೆ ಭೇದಿ ತರುತ್ತದೆ. ಮೆಡಿಕಲ್ ಸ್ಟೋರಿನಲ್ಲೋ ಪೆಟ್ ಅಂಗಡಿಯಲ್ಲೋ ಸಿಗುವ ಮರಿಗಳ ಹಾಲಿನ ಪುಡಿ ಒಳ್ಳೆಯದು. ಕುಡಿಸುವಾಗ ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆಯ ಮೇಲೆ ಮಲಗಿಸಿ ತಲೆ ತುಸು ಎತ್ತಿರಿ.

ಇನ್ನು ಆ ರಕ್ತಭೇದಿ. ಬಹುಪಾಲು ಅದು ಪಾರ್ವೊ ಎಂಬ ವೈರಾಣುವಿನ ಕೆಲಸ. ಆರು ವಾರದಿಂದ ಆರು ತಿಂಗಳೊಳಗಿನ, ಲಸಿಕೆ ಬೀಳದ ಮರಿಗಳಿಗೆ ಹೆಚ್ಚು. ಈ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ನೀವು ನಂಬಿರುವ ಫಿನಾಯಿಲಿಗೆ, ಡೆಟಾಲಿಗೆ ಅದು ಸರಿಯಾಗಿ ಸಾಯುವುದಿಲ್ಲ. ಸಾಯುವುದು ಬ್ಲೀಚಿಗೆ: ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಕೊಳೆ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಕೊಳೆ ಇದ್ದಲ್ಲಿಗೇ ಸುರಿದರೆ ಪ್ರಯೋಜನವಿಲ್ಲ. ಒಂದು ಗುಂಪಿನ ಮರಿ ಮುಟ್ಟಿದ ಕೈಯಲ್ಲಿ, ಅದೇ ಚಪ್ಪಲಿಯಲ್ಲಿ ಇನ್ನೊಂದು ಗುಂಪಿನ ಹತ್ತಿರ ಹೋದರೆ ರೋಗವನ್ನು ಹೊತ್ತುಕೊಂಡು ಹೋಗುವವರು ನೀವೇ. ರಜೆಯಲ್ಲಿ ಬೀದಿಬೀದಿ ಸುತ್ತಿ ಮರಿ ಮುದ್ದಾಡುವ ಗುಂಪುಗಳಿಂದ ಆಗುವ ಹಾನಿ ಇದೇ. ಲಸಿಕೆ ಆರರಿಂದ ಎಂಟು ವಾರದಲ್ಲಿ ಶುರು, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಒಂದು ಚುಚ್ಚಿಸಿ ಸುಮ್ಮನಾದರೆ ಸಾಲದು.

ಮರಿ ಮುಟ್ಟುವ ಮುಂಚೆಯೇ ನಿಮ್ಮ ತೋಳಿಗೆ ಬೀಳಬೇಕಾದ ಸೂಜಿಯ ಮಾತು ಈಗ. ಬೀದಿನಾಯಿಗಳ ಜೊತೆ ವಾರಕ್ಕೊಮ್ಮೆಯಾದರೂ ಕೆಲಸ ಮಾಡುವವರು ರೇಬಿಸ್ ಲಸಿಕೆಯನ್ನು ಕಚ್ಚಿಸಿಕೊಳ್ಳುವ ಮುಂಚೆಯೇ ಹಾಕಿಸಿಕೊಳ್ಳಬೇಕು. ಮೂರು ಡೋಸು: ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದನೇ ಅಥವಾ ಇಪ್ಪತ್ತೆಂಟನೇ ದಿನ. ಮುಂದೆ ಕಚ್ಚಿದರೆ ಎರಡೇ ಡೋಸು ಸಾಕು, ಮೊದಲ ದಿನ ಮತ್ತು ಮೂರನೇ ದಿನ. ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಔಷಧ) ಬೇಕಾಗುವುದಿಲ್ಲ. ಅಪ್ಪ ಅಮ್ಮ ಒಪ್ಪದಿದ್ದರೆ ಅವರನ್ನೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿ. ಅವರಿಗೆ ಗೊತ್ತಿಲ್ಲದೆ ಈ ಕೆಲಸ ಮಾಡುವ ಯೋಚನೆ ಇದ್ದರೆ ಈಗಲೇ ಬಿಡಿ. ಕಚ್ಚಿದ್ದನ್ನು ಬೈಗುಳದ ಭಯಕ್ಕೆ ಮುಚ್ಚಿಡುವವರು ಮಕ್ಕಳೇ, ಮತ್ತು ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ಲಸಿಕೆ ಆಗಿರಲಿ ಬಿಡಲಿ, ಕಚ್ಚಿದರೆ, ಪರಚಿ ರಕ್ತ ಬಂದರೆ, ತೆರೆದ ಗಾಯವನ್ನು ನೆಕ್ಕಿದರೆ: ಹರಿಯುವ ನಲ್ಲಿನೀರಿನ ಕೆಳಗೆ ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಮೊಬೈಲಿನಲ್ಲಿ ಟೈಮರ್ ಇಡಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಬಿಗಿಯಾಗಿ ಕಟ್ಟಲೂ ಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ. ಮುಂಚೆ ಲಸಿಕೆ ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ (0 ಎಂದರೆ ಮೊದಲ ಡೋಸಿನ ದಿನ). ತೋಳಿನ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆ ನೀವೇ ಕೇಳಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು ಎಂಬುದು ನಿಜ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಎಂದು ಯಾರಾದರೂ ಅಂದರೆ ಕೇಳಬೇಡಿ. ಲಸಿಕೆ ಅವತ್ತೇ ಶುರುವಾಗಬೇಕು.

ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಸುವ, ಬೊಗಳುವ ದನಿ ಬದಲಾದ, ಹಿಂಗಾಲು ತೂರಾಡುವ, ಕಲ್ಲು ಕಡ್ಡಿ ಕಚ್ಚುವ ನಾಯಿಯ ಹತ್ತಿರ ಹೋಗಬೇಡಿ, ಅದು ರೇಬಿಸ್ ಇರಬಹುದು. ಡಿಸ್ಟೆಂಪರ್ ಎಂಬ ಇನ್ನೊಂದು ವೈರಾಣು ರೋಗದಲ್ಲೂ ಜೊಲ್ಲು, ಫಿಟ್ಸ್ ಬರುತ್ತದೆ, ಪಶುವೈದ್ಯರಿಗೂ ನೋಡಿದೊಡನೆ ಹೇಳುವುದು ಕಷ್ಟ. ಬೀದಿಯವರನ್ನು ದೂರವಿರಿಸಿ, ಸ್ಥಳೀಯ ಸಂಸ್ಥೆಗೆ (ಪುರಸಭೆ, ನಗರಸಭೆ ಅಥವಾ ಪಂಚಾಯಿತಿಗೆ) ಫೋನು ಮಾಡಿ. ಹದಿನಾರರ ಹುಡುಗರು ಮಾಡಬೇಕಾದ ಕೆಲಸ ಅಲ್ಲಿಗೆ ಮುಗಿಯಿತು.

ಗಾಡಿಗೆ ಗುದ್ದಿಸಿಕೊಂಡು ಬಿದ್ದ ನಾಯಿಯ ವಿಷಯವೂ ಹೆಚ್ಚುಕಡಿಮೆ ಹೀಗೇ. ದಿನಾ ನಿಮ್ಮ ಕೈ ನೆಕ್ಕುವ ನಾಯಿಯೂ ಸೊಂಟ ಮುರಿದಾಗ ಕಚ್ಚುತ್ತದೆ, ಅದು ನೋವಿನ ಕಚ್ಚು. ದೊಡ್ಡವರೊಬ್ಬರು ಜೊತೆಗಿದ್ದರೆ ಮಾತ್ರ ಎತ್ತಿ. ಒಂದೂವರೆ ಮೀಟರ್ ಉದ್ದದ ಹತ್ತಿ ಬ್ಯಾಂಡೇಜು ಅಥವಾ ವೇಲು ತೆಗೆದುಕೊಂಡು ನಡುವೆ ಸಡಿಲ ಕುಣಿಕೆ ಮಾಡಬೇಕು. ನಾಯಿಯ ಎದುರು ನಿಲ್ಲದೆ ಪಕ್ಕದಿಂದ ಮೂತಿಗೆ ಹಾಕಿ, ಮೂಗಿನ ಮೇಲ್ಭಾಗದಲ್ಲಿ ಬಿಗಿದು, ಎರಡೂ ತುದಿಯನ್ನು ಗದ್ದದ ಕೆಳಗೆ ಅಡ್ಡಹಾಯಿಸಿ, ಕಿವಿಯ ಹಿಂದೆ ತಂದು ಎಳೆದರೆ ಬಿಚ್ಚುವ ಗಂಟು ಹಾಕಬೇಕು. ಕಿವಿಯ ಹಿಂದಿನ ಗಂಟು ಬಿಟ್ಟರೆ ನಾಯಿ ಮುಂಗಾಲಲ್ಲಿ ಅರೆಕ್ಷಣಕ್ಕೆ ಕಿತ್ತುಹಾಕುತ್ತದೆ. ವಾಂತಿ ಮಾಡುತ್ತಿರುವ, ಉಸಿರಿಗೆ ಒದ್ದಾಡುತ್ತಿರುವ ನಾಯಿಗೆ ಮೂತಿ ಕಟ್ಟಲೇಬಾರದು. ಉಳಿದವಕ್ಕೂ ಕೆಲವೇ ನಿಮಿಷ, ಏಕೆಂದರೆ ನಾಯಿಗೆ ಮೈ ತಣಿಯುವುದು ಬಾಯಿತೆರೆದು ಏದುವುದರಿಂದ. ಸಾಗಿಸುವುದಕ್ಕೆ ಹಲಗೆ, ಇಲ್ಲವೇ ನಾಲ್ಕು ಮೂಲೆ ಹಿಡಿದ ದಪ್ಪ ಬೆಡ್‌ಶೀಟು. ಕಾಲು ಹಿಡಿದು ಎಳೆದರೆ ಮುರಿದ ಮೂಳೆ ಒಳಗೆ ಚುಚ್ಚುತ್ತದೆ. ದನ, ಕುರಿ, ಮೇಕೆಗೆ ಪೆಟ್ಟಾಗಿದ್ದರೆ ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನು ಮಾಡಬಹುದು.

ಇಷ್ಟೆಲ್ಲ ಹೇಳಿದರೂ ಒಂದೊಂದೇ ಪ್ರಾಣಿಯ ಹಿಂದೆ ಓಡುವುದರಿಂದ ನಿಮ್ಮ ಬೀದಿ ಬದಲಾಗುವುದಿಲ್ಲ. ಬೀದಿ ಬದಲಾಗುವುದು ಲೆಕ್ಕ ಇಟ್ಟಾಗ. ಇನ್ನೂರು ಪುಟದ ಒಂದು ಉದ್ದ ರಿಜಿಸ್ಟರು ಕೊಳ್ಳಿ. ಇಡೀ ಊರು ಬೇಡ, ವಾರ್ಡೂ ಬೇಡ, ಮೂರು ನಾಲ್ಕು ಬೀದಿ ಸಾಕು. ನಾಲ್ಕರಿಂದ ಆರು ಜನ ಸೇರಿ ಬೆಳಿಗ್ಗೆ ಐದೂವರೆಯಿಂದ ಆರೂವರೆಯೊಳಗೆ ಒಂದು ಸುತ್ತು ಹಾಕಿ. ಆ ಹೊತ್ತಿಗೆ ನಾಯಿಗಳು ಬಯಲಲ್ಲಿರುತ್ತವೆ. ಎಂಟರ ಮೇಲೆ ಕಾರಿನಡಿ, ಮೋರಿಯೊಳಗೆ ಸೇರಿಬಿಡುತ್ತವೆ, ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಒಂದೇ ದಿನದ ಎಣಿಕೆ ನಂಬಬೇಡಿ, ಒಂದೇ ದಾರಿಯಲ್ಲಿ ಮೂರು ಬೆಳಿಗ್ಗೆ ಎಣಿಸಿ.

ಪ್ರತಿ ನಾಯಿಗೆ ಒಂದು ಸಾಲು: ಕರೆಯುವ ಹೆಸರು, ಗಂಡೋ ಹೆಣ್ಣೋ, ಬಣ್ಣ ಮತ್ತು ಮಚ್ಚೆ, ಸಾಮಾನ್ಯವಾಗಿ ಮಲಗುವ ಜಾಗ (“ಹಿಟ್ಟಿನ ಗಿರಣಿ ಎದುರಿನ ಟ್ರಾನ್ಸ್‌ಫಾರ್ಮರ್ ಕೆಳಗೆ” ಅನ್ನುವಷ್ಟು ಖಚಿತವಾಗಿ), ಕಿವಿಯಲ್ಲಿ ವಿ ಆಕಾರದ ಕಚ್ಚು ಇದೆಯೋ ಇಲ್ಲವೋ, ಗಬ್ಬವೋ ಹಾಲೂಡುತ್ತಿದೆಯೋ, ಗಾಯ, ಕಜ್ಜಿ. ಮೊಬೈಲಿನಲ್ಲಿ ಎಡಬಲ ಎರಡೂ ಪಕ್ಕದ ಫೋಟೊ ಬೇಕು. ಕಂದುಬಣ್ಣದ ನಾಟಿನಾಯಿಗಳು ಒಂದರಂತೆ ಇನ್ನೊಂದು ಕಾಣುತ್ತವೆ, ಒಂದು ಪಕ್ಕದ ಬಿಳಿ ಮಚ್ಚೆಯೇ ಗುರುತು. ಕಿವಿಯ ಕಚ್ಚು ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಆಪರೇಷನ್ ಗುರುತು ನೇರವಾಗಿ ಕತ್ತರಿಸಿದಂತಿರುತ್ತದೆ. ಅನುಮಾನ ಬಂದರೆ ಪ್ರಶ್ನೆಚಿಹ್ನೆ ಹಾಕಿ, ಊಹಿಸಿ ಬರೆಯಬೇಡಿ.

ಎಣಿಕೆ ಮುಗಿದ ಮೇಲೆ ಒಂದೇ ಸಂಖ್ಯೆಗೆ ಕೆಂಪು ಗೆರೆ ಎಳೆಯಿರಿ: ಕಿವಿಗುರುತಿಲ್ಲದ ಹೆಣ್ಣುನಾಯಿ ಎಷ್ಟು. ಹೆಣ್ಣುನಾಯಿ ವರ್ಷಕ್ಕೆ ಸುಮಾರು ಎರಡು ಸಲ ಬೆದೆಗೆ ಬರುತ್ತದೆ, 63 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಸಾಮಾನ್ಯ. ಮೂವತ್ತು ನಾಯಿಯಲ್ಲಿ ಹತ್ತು ಗಂಡುನಾಯಿಗೆ ಆಪರೇಷನ್ ಆಗಿ ಎರಡು ಹೆಣ್ಣು ತಪ್ಪಿಸಿಕೊಂಡರೂ ಬೀದಿಯಲ್ಲಿ ಮರಿ ಕಾಣುತ್ತಲೇ ಇರುತ್ತದೆ. “ಆಪರೇಷನ್ನಿಗೆ ದುಡ್ಡು ಸುರಿದರೂ ನಾಯಿ ಕಮ್ಮಿಯಾಗಲಿಲ್ಲ” ಎಂದು ಜನ ಅನ್ನುವುದು ಸುಳ್ಳಲ್ಲ. ಅಲ್ಲೊಂದು ಇಲ್ಲೊಂದು ಹಿಡಿದದ್ದರ ಫಲ ಅದು. ರೇಬಿಸ್ ಸರಪಳಿ ಕಡಿಯಲು ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹತ್ತು ವಾರ್ಡಿನಲ್ಲಿ ಶೇ 15 ಮಾಡುವುದಕ್ಕಿಂತ ಒಂದೇ ಕಡೆ ಶೇ 70 ದಾಟಿ ಮುಂದಿನ ಬೀದಿಗೆ ಹೋಗುವುದು ಮೇಲು.

ಈ ರಿಜಿಸ್ಟರು ಹಿಡಿದು ಹೋಗಬೇಕಾದದ್ದು ಸ್ಥಳೀಯ ಸಂಸ್ಥೆಗೆ. ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರ ಪ್ರಕಾರ ಆಪರೇಷನ್ನು, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಪುರಸಭೆಯಾದರೆ ಮುಖ್ಯಾಧಿಕಾರಿ, ನಗರಸಭೆಯಾದರೆ ಪೌರಾಯುಕ್ತರು, ಹಳ್ಳಿಯಾದರೆ ಪಂಚಾಯಿತಿ ಪಿಡಿಒ. ಅರ್ಜಿ ಹೀಗಿದ್ದರೆ ಸಾಕು:

“ವಿಷಯ: 12ನೇ ವಾರ್ಡಿನ ಮೂರು ಬೀದಿಗಳ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಹಾಕಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ಬೀದಿಗಳಲ್ಲಿ ಮೂರು ದಿನ ಎಣಿಸಿದಾಗ 34 ನಾಯಿಗಳು ಕಂಡುಬಂದಿವೆ. ಅವುಗಳಲ್ಲಿ ಕಿವಿಗುರುತು ಇಲ್ಲದ ಹೆಣ್ಣುನಾಯಿಗಳು 11. ಪ್ರತಿ ನಾಯಿಯ ಫೋಟೊ ಮತ್ತು ಮಲಗುವ ಜಾಗದ ಪಟ್ಟಿ ಲಗತ್ತಿಸಿದೆ. ಹಿಡಿಯುವ ದಿನಾಂಕ ಮುಂಚಿತವಾಗಿ ತಿಳಿಸಿದರೆ ಬೆಳಿಗ್ಗೆ 6ಕ್ಕೆ ನಾವು ಜಾಗ ತೋರಿಸುತ್ತೇವೆ.”

ಕೊನೆಯ ವಾಕ್ಯ ಬಿಡಬೇಡಿ. ಕಚೇರಿಗೆ ದೂರು ಕೊಡುವವರು ದಿನಾ ಬರುತ್ತಾರೆ, ಪಟ್ಟಿ ತಂದು ಜಾಗ ತೋರಿಸುತ್ತೇವೆ ಅನ್ನುವವರು ಅಪರೂಪ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆವು, ಚೆನ್ನಾಗಿ ಮಾತಾಡಿಸಿದರು ಅನ್ನುವುದು ದಾಖಲೆಯಲ್ಲ. ಮೂವತ್ತು ದಿನವಾದರೂ ಸದ್ದಿಲ್ಲದಿದ್ದರೆ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಾಯಿ ಹಿಡಿಯುವವರು ಬರುವ ದಿನ ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಊಟ. ಅರಿವಳಿಕೆ ಕೊಟ್ಟಾಗ ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸನಾಳಕ್ಕೆ ಹೋಗಿ ನಾಯಿ ಸಾಯಬಹುದು. ಹಿಂದಿನ ರಾತ್ರಿಯಿಂದ ಬೀದಿಯಲ್ಲಿ ಯಾರೂ ಊಟ ಹಾಕದಂತೆ ಮನೆಮನೆಗೆ ಹೇಳಿ ಬರುವುದು ನಿಮ್ಮ ಕೆಲಸ, ಅದನ್ನು ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಮಾಡಲಾರರು. ಎರಡನೆಯದು ವಾಪಸು ಬಿಡುವ ಜಾಗ. ಹಿಡಿದ ಜಾಗದ ಚೀಟಿ ಅದಲುಬದಲಾದರೆ ನಾಯಿ ಬೇರೆ ಬೀದಿಗೆ ಬೀಳುತ್ತದೆ, ಅಲ್ಲಿನ ನಾಯಿಗಳು ಹರಿದುಹಾಕುತ್ತವೆ. ಬೋನಿಗೆ ಹತ್ತುವ ಪ್ರತಿ ನಾಯಿಯ ಕೊರಳಪಟ್ಟಿಯ ಸಂಖ್ಯೆಯನ್ನು ರಿಜಿಸ್ಟರಿನ ಅದೇ ಸಾಲಿನಲ್ಲಿ ಬರೆಯಿರಿ. ಆರು ತಿಂಗಳು ತುಂಬದ ಮರಿ, ಹಾಲೂಡುವ ತಾಯಿ ಇದ್ದರೆ ಹಿಡಿಯದಿರಲು ಹೇಳಿ. ಆ ತಾಯಿಯ ಹೆಸರಿನ ಮುಂದೆ ಎರಡು ತಿಂಗಳ ನಂತರದ ದಿನಾಂಕ ಹಾಕಿಟ್ಟುಕೊಳ್ಳಿ, ಬಿಟ್ಟರೆ ಮುಂದಿನ ಬೆದೆ ಬಂದೇಬಿಡುತ್ತದೆ. ವಾಪಸು ಬಂದ ಮೇಲೆ ಹತ್ತು ದಿನ ಹೊಲಿಗೆ ನೋಡಿ. ಊತ, ಕೀವು, ವಾಸನೆ, ಹುಳು ಕಂಡರೆ ಫೋಟೊ ತೆಗೆದು ಆಪರೇಷನ್ ಮಾಡಿದ ಕೇಂದ್ರಕ್ಕೆ ಅವತ್ತೇ ಕಳಿಸಿ. ಹುಳು ಸಾಯಲೆಂದು ಟರ್ಪೆಂಟೈನ್ ಸುರಿಯುವ ಪದ್ಧತಿ ಬಹಳ ಕಡೆ ಇದೆ, ಹಸಿಗಾಯಕ್ಕೆ ಅದು ಸುಟ್ಟಗಾಯ ಮಾಡುತ್ತದೆ.

ಕಚೇರಿ ಕೆಲಸವನ್ನೇ ಮಾಡದಿದ್ದರೆ ಮಾಹಿತಿ ಹಕ್ಕು ಇದೆ. ಕಾಯ್ದೆ ಹೇಳುವುದು ಪ್ರಜೆ ಎಂದಷ್ಟೇ, ವಯಸ್ಸಿನ ಮಿತಿ ಹಾಕಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಉತ್ತರಕ್ಕೆ 30 ದಿನ. ಮಕ್ಕಳ ಅರ್ಜಿ ಸೋಲುವುದು “ಏಕೆ ಕ್ರಮ ಕೈಗೊಂಡಿಲ್ಲ?” ಎಂದು ಕೇಳಿದಾಗ. ಏಕೆ ಎಂಬುದಕ್ಕೆ ಕಡತ ಇರುವುದಿಲ್ಲ. ಇರುವ ಕಾಗದ ಕೇಳಿ: ಕಳೆದ ಆರ್ಥಿಕ ವರ್ಷದಲ್ಲಿ ತಿಂಗಳುವಾರು ಆಪರೇಷನ್ ಆದ ನಾಯಿಗಳ ಸಂಖ್ಯೆ, ಪ್ರತಿ ನಾಯಿಗೆ ಪಾವತಿಸಿದ ಮೊತ್ತದ ಬಿಲ್ಲುಗಳ ಪ್ರತಿ, ಪ್ರಾಣಿ ಜನನ ನಿಯಂತ್ರಣದ ಸ್ಥಳೀಯ ಉಸ್ತುವಾರಿ ಸಮಿತಿ ಸಭೆಗಳ ನಡಾವಳಿ. ಈ ಮೂರು ಕಾಗದ ಕೈಗೆ ಬಂದರೆ ಮುಂದಿನ ಅರ್ಜಿ ತಾನಾಗಿ ಹುಟ್ಟುತ್ತದೆ.

ಊಟ ಹಾಕುವ ವಿಷಯದಲ್ಲಿ ಕಾನೂನು ಇತ್ತೀಚೆಗೆ ಬದಲಾಗಿದೆ, ಹಳೇ ಪೋಸ್ಟರ್ ನೋಡಿ ಜಗಳಕ್ಕೆ ಹೋಗಬೇಡಿ. ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸೇರಿಸಲು ಹೇಳಿತ್ತು. ಆಗಸ್ಟ್ 22ರಂದು ಅದನ್ನು ಬದಲಿಸಿ, ಆಪರೇಷನ್ನು, ಲಸಿಕೆ, ಜಂತುಹುಳದ ಔಷಧ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು ಎಂದಿತು. ರೇಬಿಸ್ ಇರುವ ಅಥವಾ ಶಂಕೆ ಇರುವ, ಮೇಲೆರಗುವ ಸ್ವಭಾವದ ನಾಯಿಗಳು ಇದಕ್ಕೆ ಹೊರತು. ಊಟ ಹಾಕುವುದು ವಾರ್ಡಿನಲ್ಲಿ ಗೊತ್ತುಮಾಡಿದ ಜಾಗದಲ್ಲಿ ಮಾತ್ರ, ಕಂಡಕಂಡ ರಸ್ತೆಯಲ್ಲಿ ಅಲ್ಲ. ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಯಿತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಅದೇ ಜಾಗಕ್ಕೆ ವಾಪಸು ಬಿಡಬಾರದು ಎಂದಿತು. ನಿಮ್ಮ ಶಾಲೆಯ ಗೇಟಿನಲ್ಲಿ ಎಂಟು ವರ್ಷದಿಂದ ಮಲಗುವ ಕರಿಯನ ಪಾಲಿಗೆ ಈ ಆದೇಶ ಬಹಳ ಕಠಿಣ, ಅದನ್ನು ಮುಚ್ಚಿಟ್ಟು ಹೇಳಲಾರೆವು. ಆದರೂ ನಾಯಿ ಬಚ್ಚಿಡುವುದು, ವಾಹನಕ್ಕೆ ಅಡ್ಡ ನಿಲ್ಲುವುದು ಬೇಡ. ಕರಿಯನಂಥ ಮುದಿ ಸಾಧು ನಾಯಿಗೆ ದತ್ತು ಮನೆ ಹುಡುಕಿ. ಎಲ್ಲಿಗೆ ಒಯ್ಯುತ್ತಾರೆ, ಅಲ್ಲಿ ನೀರು, ನೆರಳು, ಪಶುವೈದ್ಯರು ಇದ್ದಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬಿಸಿಯೂಟದ ಎಂಜಲು ಹಿತ್ತಿಲಲ್ಲಿ ಬೀಳುವುದು ನಿಲ್ಲದಿದ್ದರೆ, ಕಾಂಪೌಂಡಿನ ಸಂದು ಮುಚ್ಚದಿದ್ದರೆ ಹೊಸ ನಾಯಿ ಬರುತ್ತದೆ, ಅದಕ್ಕೆ ಲಸಿಕೆಯೂ ಇರುವುದಿಲ್ಲ. ಎಂಜಲಿಗೆ ಮುಚ್ಚಳದ ಡ್ರಮ್ಮು ಇಡಿಸುವುದು ಮಕ್ಕಳ ಕೈಲಾಗುವ ಕೆಲಸ.

ಗೊತ್ತುಮಾಡಿದ ಜಾಗದಲ್ಲಿ ಹಾಕುವ ಊಟ: ಹದಿನೈದು ಕಿಲೋ ತೂಗುವ ನಾಯಿಗೆ ಮುನ್ನೂರು ನಾನೂರು ಗ್ರಾಂ ಅನ್ನ, ಅದಕ್ಕೆ ಮೊಟ್ಟೆಯೋ ಬೇಯಿಸಿದ ಕೋಳಿಯ ಚೂರೋ. ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟು, ಬೇಯಿಸಿದ ಮೂಳೆ ಬೇಡ. ಕ್ರೀಮ್ ಬಿಸ್ಕತ್ತು ನಿಮ್ಮ ಸಂತೋಷಕ್ಕೆ, ನಾಯಿಯ ಹೊಟ್ಟೆಗಲ್ಲ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ ಗುಡಿಸಿಬಿಡಿ. ಬೀದಿಯವರ ಸಿಟ್ಟು ಮುಕ್ಕಾಲುಪಾಲು ಹುಟ್ಟುವುದು ಬಿದ್ದ ಅನ್ನ, ಇರುವೆ, ಇಲಿಯಿಂದ. ಸಿಮೆಂಟ್ ತೊಟ್ಟಿಯ ನೀರು ದಿನಾ ಚೆಲ್ಲಿ ಉಜ್ಜಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ.

ಕ್ರೌರ್ಯ ನಡೆದಾಗ ಏನು? ಪ್ರಾಣಿ ಹಿಂಸೆ ತಡೆ ಕಾಯ್ದೆ 1960 ಎಲ್ಲರಿಗೂ ಗೊತ್ತು, ಅದರ ಬಲಹೀನತೆ ಗೊತ್ತಿಲ್ಲ. 11ನೇ ಸೆಕ್ಷನ್ನಿನಡಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಇದೇ ಇರುವುದು ನಾಚಿಕೆಗೇಡು. ಅದರ ಹೆಚ್ಚಿನ ಅಪರಾಧಗಳು ಪೊಲೀಸರು ನೇರ ಕೈಹಾಕಲಾಗದ ವರ್ಗದವು, ಅದಕ್ಕೇ ಠಾಣೆಯಲ್ಲಿ ಎನ್‌ಸಿಆರ್ (ಎಫ್‌ಐಆರ್ ಅಲ್ಲದ ದೂರು ದಾಖಲೆ) ಬರೆದು ಕಳಿಸುತ್ತಾರೆ. ಆದರೆ ಪ್ರಾಣಿಯನ್ನು ಕೊಂದಿದ್ದರೆ, ವಿಷ ಹಾಕಿದ್ದರೆ, ಕೈಲಾಗದಂತೆ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಶಿಕ್ಷೆ. ಇದರಡಿ ಎಫ್‌ಐಆರ್ ಆಗುತ್ತದೆ. ದೂರಿನಲ್ಲಿ ಈ ಸೆಕ್ಷನ್ ಬರೆಯಿರಿ, ಠಾಣೆಗೆ ಅಪ್ಪನೋ ಅಮ್ಮನೋ ಟೀಚರೋ ಜೊತೆಗಿರಲಿ, ದೂರುದಾರರಾಗಿ ದೊಡ್ಡವರು ಸಹಿ ಹಾಕಲಿ.

ವಿಷದ ಪ್ರಕರಣ ಬಿದ್ದುಹೋಗುವುದು ಠಾಣೆಯಲ್ಲಲ್ಲ, ಗುಂಡಿಯಲ್ಲಿ. ಪಾಪ ಎಂದು ಸತ್ತ ನಾಯಿಯನ್ನು ಮಕ್ಕಳೇ ಹೂವಿಟ್ಟು ಹೂತುಬಿಡುತ್ತಾರೆ, ಅಲ್ಲಿಗೆ ಸಾಕ್ಷ್ಯವೂ ಮಣ್ಣುಪಾಲು. ಹೂಳಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಕೀಟನಾಶಕದ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ. ನಾಯಿ ಬಿದ್ದ ಜಾಗ, ಬಾಯಿಯ ನೊರೆ, ವಾಂತಿ, ಹತ್ತಿರ ಬಿದ್ದ ಮಾಂಸದ ತುಂಡು, ಕಾಗದದ ಪೊಟ್ಟಣ ಎಲ್ಲದರ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲೋ ಪೆನ್ನೋ ಇಟ್ಟು. ಪೊಲೀಸರು ಬಂದು ಮಹಜರು ಮಾಡಿ, ಅವರ ಕೋರಿಕೆ ಪತ್ರದ ಮೇಲೆ ಸರ್ಕಾರಿ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ, ಜಠರ, ಪಿತ್ತಜನಕಾಂಗ, ಮೂತ್ರಪಿಂಡದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು. ಬೇಸಿಗೆಯಲ್ಲಿ ದೇಹ ಬೇಗ ಕೊಳೆಯುತ್ತದೆ, ಆದ್ದರಿಂದ ಗಂಟೆಗಳ ಲೆಕ್ಕದಲ್ಲಿ ಓಡಾಡಬೇಕು. ಮೂಲ ವಿಡಿಯೊ ಇರುವ ಫೋನು ಫಾರ್ಮ್ಯಾಟ್ ಮಾಡಬೇಡಿ. ವಾಟ್ಸ್ಆಪಿನಲ್ಲಿ ಹತ್ತು ಕೈ ದಾಟಿದ ಪ್ರತಿ ದುರ್ಬಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ (ಡಿಜಿಟಲ್ ದಾಖಲೆ ಅಸಲಿ ಎನ್ನುವ ಪತ್ರ) ಬೇಕು. ನಾಯಿಗೆ ಇನ್ನೂ ಜೀವವಿದ್ದರೆ, ಜೊಲ್ಲು, ನಡುಕ ಇದ್ದರೆ, ಉಪ್ಪುನೀರು, ಹಾಲು, ಎಣ್ಣೆ ಕುಡಿಸಬೇಡಿ. ನಡುಗುವ ನಾಯಿ ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ. ನೇರ ಪಶು ಆಸ್ಪತ್ರೆಗೆ, ಸಿಕ್ಕ ಪೊಟ್ಟಣದ ಫೋಟೊ ಜೊತೆಗೆ. ಇಲಿಪಾಷಾಣದಲ್ಲಿ ಕೆಲವು ಬಗೆ ಮೂರು ಐದು ದಿನ ಬಿಟ್ಟು ರಕ್ತಸ್ರಾವ ತರುತ್ತವೆ, ಮೊದಲ ದಿನ ಚೆನ್ನಾಗಿದೆ ಎಂದು ಸುಮ್ಮನಿರಬೇಡಿ.

ರೀಲ್ಸ್ ಬಗ್ಗೆ ಒಂದೇ ಮಾತು. ದೂರು ದಾಖಲಾಗುವ ಮುಂಚೆ ಆರೋಪಿಯ ಮುಖ, ಮನೆ, ಗಾಡಿ ನಂಬರು ಹಾಕಬೇಡಿ. ಕಲ್ಲು ಹೊಡೆದವನು ಎಂಟನೇ ಕ್ಲಾಸಿನ ಹುಡುಗನಾಗಿದ್ದರೆ ಯಾವತ್ತೂ ಹಾಕಬೇಡಿ. ಅವನನ್ನು ಒಂದು ಬೆಳಿಗ್ಗೆ ಎಣಿಕೆಗೆ ಕರೆದುಕೊಂಡು ಹೋಗಿ.

ಹಣದ ವಿಷಯ ಅದಕ್ಕಿಂತ ಸೂಕ್ಷ್ಮ. ಒಬ್ಬರ ಯುಪಿಐಗೆ ಎಲ್ಲರೂ ಹಾಕುವ ಪದ್ಧತಿಯಲ್ಲಿ ಗೆಳೆತನವೇ ಒಡೆಯುತ್ತದೆ. ದಾನಿ ನೇರ ಕ್ಲಿನಿಕ್ಕಿಗೆ ಕಟ್ಟಲಿ, ಬಿಲ್ಲಿನ ಫೋಟೊ ರಿಜಿಸ್ಟರಿಗೆ ಅಂಟಲಿ. ನಿಮ್ಮ ಕೈಯಲ್ಲಿ ದುಡ್ಡೇ ಇರದಿದ್ದರೆ ಯಾರೂ ಲೆಕ್ಕ ಕೇಳುವುದಿಲ್ಲ.

ನಾಯಿ ಬೇಡ ಅನ್ನುವವರ ಮನೆಗೂ ಹೋಗಬೇಕು. ಮಗುವಿಗೆ ಕಚ್ಚಿದ ಮನೆಗೆ ಮೊದಲು ಹೋಗಬೇಕು. “ಅಕ್ಕಾ, ಪಾಪುಗೆ ಎಷ್ಟು ಇಂಜೆಕ್ಷನ್ ಆಯ್ತು? ಇನ್ನೆಷ್ಟು ಬಾಕಿ?” ಅಷ್ಟೇ ಕೇಳಿ, ಬಾಕಿ ಡೋಸಿನ ದಿನ ನೆನಪಿಸಿ. ಕಚ್ಚಿದ ನಾಯಿ ಯಾವುದು, ಎಲ್ಲಿ, ಎಷ್ಟು ಹೊತ್ತಿಗೆ, ಹತ್ತಿರ ಮರಿ ಇತ್ತೇ ಎಂದು ಬರೆದುಕೊಳ್ಳಿ. ಮರಿ ಕಾಯುವ ತಾಯಿ, ಬೆದೆಗಾಲದ ಗಂಡುಗಳ ಗುಂಪು, ಸೈಕಲ್ಲಿನ ಹಿಂದೆ ಓಡುವ ನಾಯಿ, ಒಂದೇ ನಾಯಿ ಮತ್ತೆ ಮತ್ತೆ, ಇವುಗಳಲ್ಲಿ ಯಾವುದೆಂದು ಗೊತ್ತಾದರೆ ಪರಿಹಾರ ಬೇರೆ ಬೇರೆ. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಮೇಲೆ ಕರುಣೆ ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ. ಅದನ್ನು ಆ ತಾಯಿಯ ಎದುರು ಓದುವ ಹೊತ್ತು ಅದಲ್ಲ.

ದುಡಿಯುವ ಪ್ರಾಣಿಗಳ ಕಡೆ ಒಲವಿರುವವರಿಗೂ ಇದೇ ದಾರಿ, ರಿಜಿಸ್ಟರಿನ ಕಲಮುಗಳು ಮಾತ್ರ ಬೇರೆ. 1965ರ ನಿಯಮದಂತೆ ಎತ್ತು, ಕುದುರೆ, ಕತ್ತೆಯನ್ನು ದಿನಕ್ಕೆ ಒಂಬತ್ತು ಗಂಟೆ ಮೀರಿ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ, ಮುಳ್ಳಿನ ಕಡಿವಾಣ ಹಾಕುವಂತಿಲ್ಲ. ಗಾಡಿ ಹೊಡೆಯುವವರ ಜೊತೆ ಕಾನೂನಿಗಿಂತ ಮುಂಚೆ ಕುಡಿಯುವ ನೀರಿನ ತೊಟ್ಟಿಯ ಮಾತು ತೆಗೆಯಿರಿ. ಅವರ ಅನ್ನವೂ ಆ ಪ್ರಾಣಿಯಲ್ಲೇ ಇದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಣಿ ದಯಾ ಸಂಘ ಇರುತ್ತದೆ, ಅದರ ಸಭೆಗೆ ವಿಷಯ ಸೇರಿಸುವಂತೆ ಅರ್ಜಿ ಕೊಡಬಹುದು.

ಸರದಿ ಪಟ್ಟಿ ಹಾಕಿಕೊಳ್ಳಿ. ಒಬ್ಬರಿಗೆ ವಾರಕ್ಕೆ ಎರಡು ಬೆಳಿಗ್ಗೆ ಮೀರಬಾರದು, ಪರೀಕ್ಷೆಗೆ ಎಂಟು ವಾರ ಮುಂಚೆ ಹತ್ತನೇ ಕ್ಲಾಸಿನವರಿಗೆ, ಸೆಕೆಂಡ್ ಪಿಯುಸಿಯವರಿಗೆ ಪೂರ್ತಿ ರಜೆ. ರಾತ್ರಿ ಒಂಬತ್ತರ ಮೇಲೆ ಬರುವ ಫೋನನ್ನು ಗುಂಪಿನ ದೊಡ್ಡವರು ಎತ್ತಲಿ. ಸಾವು ಕಂಡ ಮರುದಿನ ಬೆಳಗಿನ ಸುತ್ತಾಟಕ್ಕೆ ಬರಲಾರೆ ಎಂದವರನ್ನು ಒತ್ತಾಯಿಸಬೇಡಿ, ಒಂಟಿಯಾಗಿಯೂ ಬಿಡಬೇಡಿ.

ಮಾರ್ಚ್ ಮುಗಿದು ಹಿರಿಯರು ಕಾಲೇಜು, ಹಾಸ್ಟೆಲು ಎಂದು ಹೊರಡುವ ಮುಂಚೆ ಒಂಬತ್ತನೇ ಕ್ಲಾಸಿನ ಇಬ್ಬರನ್ನು ಕೂರಿಸಿಕೊಂಡು ಹಸ್ತಾಂತರ ಮಾಡಿ: ರಿಜಿಸ್ಟರು, ಮುದ್ರೆ ಬಿದ್ದ ಅರ್ಜಿಗಳ ಫೈಲು, ಎರಡೂ ಪಕ್ಕದ ಫೋಟೊಗಳ ಪೆನ್‌ಡ್ರೈವು, ಪಶು ಆಸ್ಪತ್ರೆಯ ಮತ್ತು ಟಪಾಲು ವಿಭಾಗದ ಸಮಯ, ಹಿಂದಿನ ರಾತ್ರಿ ಊಟ ಹಾಕಬೇಡಿ ಎಂದರೂ ಹಾಕುವ ಅಜ್ಜಿಯ ಮನೆ ಯಾವುದು ಎಂಬುದು. ಜೊತೆಗೆ ಇನ್ನೂ ಕೈಗೆ ಸಿಗದ ಹೆಣ್ಣುನಾಯಿಗಳ ಹೆಸರು, ಅವು ಬೆಳಿಗ್ಗೆ ಎಷ್ಟು ಗಂಟೆಗೆ ಎಲ್ಲಿರುತ್ತವೆ ಎಂಬ ಸಾಲು. ಹೊಸಬರು ಮೊದಲ ಬೆಳಿಗ್ಗೆ ಹುಡುಕಿಕೊಂಡು ಹೋಗಬೇಕಾದದ್ದು ಅವನ್ನೇ.